‘ರಾಧಾ’ ಫೋಟೋದಲ್ಲಿ ಹಿಂದೆ ಕೂತವರು ಯಾರು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಭರತನಾಟ್ಯ ಕಲಿಸುತ್ತೇನೆ. ನಮ್ಮ ಶಾಲೆಗೆ 25 ವರ್ಷ ತುಂಬುತ್ತಿದೆ, ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ. ಹಳೆಯ ಚಿತ್ರ ಹುಡುಕುವಾಗ ನ್ಯೂಯಾರ್ಕಿನ ಗ್ರಂಥಾಲಯವೊಂದರ ಸಂಗ್ರಹದಲ್ಲಿ ಒಂದು ಫೋಟೋ ಸಿಕ್ಕಿತು. ಮೈತುಂಬ ಒಡವೆ ತೊಟ್ಟ ಬಿಳಿ ಹೆಂಗಸೊಬ್ಬರು ಪೀಠದ ಮೇಲೆ ಪದ್ಮಾಸನ ಹಾಕಿ ಕೂತಿದ್ದಾರೆ. ಸುತ್ತ ಮುಂಡಾಸು ಕಟ್ಟಿದ ಗಂಡಸರು. ‘ರೂತ್ ಸೇಂಟ್ ಡೆನಿಸ್, ರಾಧಾ’ ಎಂದಷ್ಟೇ ಬರೆದಿದೆ. ಇದು ಯಾವ ರಾಧೆ? ಆಕೆ ಕುಣಿಯುತ್ತಿದ್ದದ್ದು ಹೀಗೆಯೇ? ಯಾವ ವರ್ಷದ್ದು ಎಂದು ಗೊತ್ತುಮಾಡುವುದು ಹೇಗೆ? ಬಣ್ಣ ಹಾಕಿಸಿ ಅಚ್ಚು ಮಾಡಬಹುದೇ, ಯಾರನ್ನಾದರೂ ಕೇಳಬೇಕೇ? ಹಿಂದೆ ಕೂತವರು ನಮ್ಮ ಕಡೆಯವರ ಹಾಗೆ ಕಾಣುತ್ತಾರೆ. ಅವರು ಯಾರು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಓದಿ ಖುಷಿಯಾಯಿತು. ಈ ಫೋಟೋಗಳನ್ನು ಕಳಿಸಿ ಕೇಳುವವರು ಬಹಳ ಜನ. ಪೀಠದ ಮೇಲೆ ಕೂತವಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಸುತ್ತ ಕೂತವರ ಬಗ್ಗೆ ಕೇಳುವವರು ಕಡಿಮೆ. ಅವರ ವಿಷಯಕ್ಕೆ ಬರುತ್ತೇನೆ. ಮೊದಲು ರಾಧೆ.

ಇವಳು ನಮ್ಮ ರಾಧೆ ಅಲ್ಲ. ಬೃಂದಾವನ ಇಲ್ಲ, ಕೃಷ್ಣ ಇಲ್ಲ, ವಿರಹವೂ ಇಲ್ಲ. ರೂತ್ ಸೇಂಟ್ ಡೆನಿಸ್ ಹುಟ್ಟಿದ್ದು 1879ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ‘ರಾಧಾ’ವನ್ನು ಮೊದಲು ಆಡಿದ್ದು 1906ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಆಕೆ ಭಾರತವನ್ನು ಕಂಡಿರಲೇ ಇಲ್ಲ. ಇಲ್ಲಿಗೆ ಬಂದದ್ದು ಅದಾಗಿ 20 ವರ್ಷದ ಮೇಲೆ. ಸಂಗೀತವೂ ನಮ್ಮದಲ್ಲ. ಡೆಲಿಬ್ ಎಂಬ ಫ್ರೆಂಚ್ ಸಂಗೀತಗಾರನ ‘ಲಾಕ್ಮೆ’ ಎಂಬ ಆಪೆರಾದಿಂದ ಎತ್ತಿಕೊಂಡದ್ದು.

ಆಕೆಗೆ ಪೂರ್ವ ದೇಶಗಳ ಹುಚ್ಚು ಹತ್ತಿದ್ದು ಒಂದು ಸಿಗರೇಟ್ ಜಾಹೀರಾತಿನಿಂದ! 1904ರಲ್ಲಿ ನಾಟಕ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದಾಗ, ಬಫಲೋ ಊರಿನ ಒಂದು ಅಂಗಡಿಯಲ್ಲಿ ‘ಈಜಿಪ್ಷಿಯನ್ ಡೀಟೀಸ್’ ಎಂಬ ಸಿಗರೇಟಿನ ಪೋಸ್ಟರ್ ಕಣ್ಣಿಗೆ ಬಿತ್ತು. ಐಸಿಸ್ ದೇವತೆ ಗುಡಿಯಲ್ಲಿ ಅಲುಗಾಡದೆ ಕೂತಿರುವ ಚಿತ್ರ. ಅದೇ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಕೋನಿ ಐಲ್ಯಾಂಡಿನ ಜಾತ್ರೆಯಂಥ ಮೋಜಿನ ಬಯಲಿನಲ್ಲಿ ಭಾರತದಿಂದ ಕರೆಸಿದ್ದ ಹಾವಾಡಿಗರನ್ನೂ ಕುಣಿಯುವವರನ್ನೂ ನೋಡಿದರು. ಈಜಿಪ್ಟಿನ ಯೋಚನೆ ಅಲ್ಲಿಂದ ಭಾರತದ ಕಡೆ ಹೊರಳಿತು. ಪುಸ್ತಕ ಓದಿ, ಚಿತ್ರ ನೋಡಿ, ಕಲ್ಪನೆ ಸೇರಿಸಿ ಕಟ್ಟಿದ ನೃತ್ಯ ‘ರಾಧಾ’.

ಕಥೆ ಸರಳ. ಗುಡಿಯಲ್ಲಿ ವಿಗ್ರಹ ಕೂತಿದೆ. ಪೂಜಾರಿಗಳು ಪೂಜೆ ಮಾಡುತ್ತಾರೆ. ವಿಗ್ರಹಕ್ಕೆ ಜೀವ ಬರುತ್ತದೆ. ಅದು ಇಳಿದು ಬಂದು ಪಂಚೇಂದ್ರಿಯಗಳನ್ನು ಒಂದೊಂದಾಗಿ ಕುಣಿಯುತ್ತದೆ, ಆಮೇಲೆ ಇಂದ್ರಿಯಗಳ ಉನ್ಮಾದ, ಕೊನೆಗೆ ಎಲ್ಲವನ್ನೂ ಬಿಟ್ಟು ಮತ್ತೆ ಪದ್ಮಾಸನ. ನೋಟಕ್ಕೆ ಮುತ್ತಿನ ಸರ, ಕೇಳುವುದಕ್ಕೆ ಗಂಟೆ, ವಾಸನೆಗೆ ಹೂವು, ರುಚಿಗೆ ಮದ್ಯದ ಬಟ್ಟಲು. ಸ್ಪರ್ಶಕ್ಕೆ ಕೈಯಲ್ಲಿ ಏನೂ ಇಲ್ಲ, ತನ್ನ ಅಂಗೈಗೆ ತಾನೇ ಮುತ್ತಿಡುತ್ತಾಳೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ‘ರಾಧಾ’ದ ಬಿಡಿ ಫೋಟೋಗಳನ್ನು ಓದುವುದಕ್ಕೆ ಇದೇ ಕೀಲಿ. ಕೈಯಲ್ಲಿ ಹೂವಿನ ಮಾಲೆ ಇದ್ದರೆ ಯಾವ ಭಾಗ, ಬಟ್ಟಲು ಇದ್ದರೆ ಯಾವುದು ಎಂದು ಥಟ್ಟನೆ ಹೇಳಬಹುದು. ನಿಮ್ಮದು ಪೀಠದ ಮೇಲಿನ ಪದ್ಮಾಸನ. ಅಂದರೆ ಮೊದಲಿನದು ಅಥವಾ ಕೊನೆಯದು. ಪೂಜಾರಿಗಳು ಸುತ್ತ ಇರುವುದೂ ಇದಕ್ಕೆ ಸರಿಹೋಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಆಕೆ ಕುಣಿಯುತ್ತಿದ್ದದ್ದು ಹೀಗೆಯೇ?

ಅಂದಿನ ಫೋಟೋಗಳು ಗಾಜಿನ ಪ್ಲೇಟಿನ ಮೇಲೆ ತೆಗೆದವು. ಸ್ಟುಡಿಯೋದ ಬೆಳಕಿನಲ್ಲಿ ಚಿತ್ರ ಮೂಡಬೇಕಾದರೆ ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲಬೇಕಿತ್ತು. ನಮ್ಮ ಅಜ್ಜ ಅಜ್ಜಿಯರ ಕಾಲದ ಮದುವೆ ಫೋಟೋ ನೆನಪು ಮಾಡಿಕೊಳ್ಳಿ. ಎಲ್ಲರೂ ಉಸಿರು ಬಿಗಿಹಿಡಿದು ಕೂತಂತೆ ಇರುತ್ತಾರೆ ಅಲ್ವಾ? ಹಾಗೇ. ಹಾಗಾಗಿ ನೃತ್ಯದ ಹಳೆಯ ಸ್ಟುಡಿಯೋ ಫೋಟೋ ಎಂದರೆ ಸಾಮಾನ್ಯವಾಗಿ ನೃತ್ಯದ ದಾಖಲೆಯಲ್ಲ. ವೇಷ ಕಟ್ಟಿಕೊಂಡು ಸ್ಟುಡಿಯೋಗೆ ಹೋಗಿ ಹಿಡಿದ ಭಂಗಿಯ ದಾಖಲೆ. ಯಕ್ಷಗಾನದ ವೇಷಧಾರಿ ಪರದೆಯ ಮುಂದೆ ನಿಂತ ಫೋಟೋ ನೋಡಿ ಕುಣಿತದ ವೇಗ ಹೇಳಲು ಆಗುತ್ತದೆಯೇ? ಕಿರೀಟ ಹೇಗಿತ್ತು, ಗೆಜ್ಜೆ ಎಲ್ಲಿ ಕಟ್ಟಿದ್ದ, ಇಷ್ಟು ಹೇಳಬಹುದು. ಅಷ್ಟೇ.

ನಿಮ್ಮ ಕಣ್ಣು ನರ್ತಕಿಯ ಕಣ್ಣು, ನನ್ನದಕ್ಕಿಂತ ಚೆನ್ನಾಗಿ ಇದನ್ನು ಹಿಡಿಯುತ್ತದೆ. ಇಂಥ ಫೋಟೋ ಸಿಕ್ಕಾಗ ಮುಖ ಬಿಟ್ಟು ಪಾದ ನೋಡಿ. ಮೈಭಾರ ಯಾವ ಕಾಲಿನ ಮೇಲಿದೆ? ಆ ಭಂಗಿಯಿಂದ ಮುಂದಿನ ಹೆಜ್ಜೆ ಇಡಲು ಸಾಧ್ಯವೇ, ಇಲ್ಲ ಸುಮ್ನೆ ಸಮತೋಲ ಹಿಡಿದು ನಿಂತದ್ದೇ? ಆಮೇಲೆ ಲಂಗದ ಅಂಚು ನೋಡಿ. ಸೇಂಟ್ ಡೆನಿಸ್ 1908ರ ಹೊತ್ತಿಗೆ ‘ನಾಚ್’ ಎಂಬ ಇನ್ನೊಂದು ನೃತ್ಯ ಮಾಡಿದರು. ದೊಡ್ಡ ಘೇರಿನ ಲಂಗ, ಕಾಲಿಗೆ ಗೆಜ್ಜೆ, ಗಿರಗಿರನೆ ತಿರುಗುವುದು. ಅದರ ಸ್ಟುಡಿಯೋ ಫೋಟೋಗಳಲ್ಲಿ ಲಂಗ ಅಗಲಕ್ಕೆ ಹರಡಿರುತ್ತದೆ, ಗಮನಿಸಿದರೆ ಆಕೆ ಕೈಯಿಂದಲೇ ಅದನ್ನು ಎತ್ತಿ ಹಿಡಿದಿರುವುದು ಕಾಣುತ್ತದೆ. ನಿಜವಾಗಿ ತಿರುಗಿದ್ದರೆ ಅಂದಿನ ಪ್ಲೇಟಿನಲ್ಲಿ ಅಂಚು ಮಸುಕಾಗಬೇಕಿತ್ತು. ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಅದು ನಿಂತ ಚಿತ್ರ. ಅರ್ನಾಲ್ಡ್ ಗೆಂಥೆ ಅವರಂಥ ಕೆಲವು ಛಾಯಾಗ್ರಾಹಕರು ಮುಂದೆ ಕುಣಿಯುವವರನ್ನು ಕುಣಿಯುತ್ತಿರುವಾಗಲೇ ಹಿಡಿಯಲು ಹೊರಟರು. ಅವರ ಚಿತ್ರಗಳಲ್ಲಿ ಮೈ ಒಂದಿಷ್ಟು ಕರಗಿದಂತೆ ಇರುತ್ತದೆ. ನನಗಂತೂ ಆ ಮಸುಕು ಜಾಸ್ತಿ ಇಷ್ಟ.

ಆದರೆ ನಿಮ್ಮ ಫೋಟೋದಲ್ಲಿ ಒಂದು ತಮಾಷೆ ಇದೆ. ‘ರಾಧಾ’ದಲ್ಲಿ ಆಕೆ ರಂಗದ ಮೇಲೂ ಹೀಗೇ ಅಲುಗಾಡದೆ ಕೂತಿರುತ್ತಿದ್ದರು. ವಿಗ್ರಹ ಅಲ್ವಾ! ಹಾಗಾಗಿ ಈ ನೃತ್ಯದ ಎಲ್ಲ ಚಿತ್ರಗಳ ಪೈಕಿ ಸುಳ್ಳು ಕಡಿಮೆ ಇರುವುದು ಪದ್ಮಾಸನದ ಚಿತ್ರದಲ್ಲೇ. ಪೋಸ್ಟರಿನಿಂದ ಹುಟ್ಟಿದ ನೃತ್ಯ ಶುರುವಾಗುವುದೂ ಮುಗಿಯುವುದೂ ಪೋಸ್ಟರಿನ ಹಾಗೆಯೇ. ಕ್ಯಾಮೆರಾಕ್ಕೆ ಇದಕ್ಕಿಂತ ಒಗ್ಗುವ ನೃತ್ಯ ಆ ಕಾಲದಲ್ಲಿ ಇನ್ನೊಂದು ಇತ್ತೋ ಇಲ್ಲವೋ.

ಹಸ್ತಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಈ ಫೋಟೋ ನೋಡಿದ ಕೂಡಲೇ ‘ಇದು ಯಾವ ಮುದ್ರೆ’ ಎಂದು ಕೇಳೇ ಕೇಳುತ್ತಾರೆ. ಗುರುಮುಖವಾಗಿ ಕಲಿತ ಹಸ್ತಗಳಲ್ಲ ಇವು. ಹೆಬ್ಬೆರಳು ತೋರುಬೆರಳು ಸೇರಿಸಿದ್ದು ಕಂಡರೆ ‘ಹಂಸಾಸ್ಯ’ ಎಂದು ಹೆಸರು ಕೊಡಬೇಡಿ. ಹಾಗೆಂದು ನಕ್ಕು ಬಿಡುವುದೂ ಬೇಡ. ಈಕೆ ಮತ್ತು ಗಂಡ ಟೆಡ್ ಶಾನ್ 1915ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಡೆನಿಶಾನ್’ ಶಾಲೆ ತೆರೆದರು. ಮಾರ್ಥಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್ ಎಲ್ಲ ಅಲ್ಲಿ ಕಲಿತು ಹೊರಬಂದವರು. ಅಮೆರಿಕದ ಆಧುನಿಕ ನೃತ್ಯದ ದೊಡ್ಡ ಕೊಂಬೆಗಳು ಈ ಬುಡದಿಂದ ಒಡೆದವು.

ಇನ್ನು ವರ್ಷ. ಇಲ್ಲಿ ಅವಸರ ಬೇಡ. ‘ರಾಧಾ’ ಎಂದು ಬರೆದ ಮಾತ್ರಕ್ಕೆ 1906 ಎಂದುಕೊಳ್ಳಬಾರದು. ಈ ನೃತ್ಯವನ್ನು ಆಕೆ ಮತ್ತೆ ಮತ್ತೆ ಆಡಿದ್ದಾರೆ. 1941ರಲ್ಲಿ, 62ನೇ ವಯಸ್ಸಿನಲ್ಲಿ ಜೇಕಬ್ಸ್ ಪಿಲ್ಲೋ ಎಂಬಲ್ಲಿ ಮತ್ತೊಮ್ಮೆ ಮಾಡಿದ್ದನ್ನು ಫಿಲ್ಮಿನಲ್ಲೂ ಹಿಡಿದಿದ್ದಾರೆ. ಅಂದರೆ 35 ವರ್ಷಗಳ ಹರವು. ನಾನೇ ಒಮ್ಮೆ ಎಡವಿದ್ದೇನೆ. ಪ್ರದರ್ಶನ ಶುರುವಾದ ವರ್ಷವನ್ನೇ ಫೋಟೋದ ವರ್ಷ ಎಂದುಕೊಂಡು ಒಂದು ಪತ್ರಿಕೆಗೆ ಅಡಿಬರಹ ಬರೆದುಕೊಟ್ಟೆ. ಅಚ್ಚಾದ ಮೇಲೆ ಓದುಗರೊಬ್ಬರು, ಅದೇ ವೇಷದ ಇನ್ನೆರಡು ಫೋಟೋ ಪಕ್ಕದಲ್ಲಿಟ್ಟು, ನೆಲದ ಹಾಸು ಒಂದೇ, ಆದರೆ ಸ್ಟುಡಿಯೋ ಶುರುವಾದದ್ದೇ ಆಮೇಲೆ ಎಂದು ತೋರಿಸಿದರು. ಅಂದಿನಿಂದ ನಾನು ನೆಲವನ್ನೂ ನೋಡುತ್ತೇನೆ. ಪರದೆ, ಹಾಸು, ಪೀಠ. ಇವು ಸ್ಟುಡಿಯೋದ ಸೊತ್ತು, ಬೇರೆ ನಟನಟಿಯರ ಫೋಟೋಗಳಲ್ಲೂ ಬರುತ್ತವೆ. ಅವುಗಳ ವರ್ಷ ಗೊತ್ತಿದ್ದರೆ ಇದರದ್ದೂ ಹತ್ತಿರ ಹತ್ತಿರ ಗೊತ್ತಾಗುತ್ತದೆ.

ಮುಖ್ಯವಾಗಿ ಹಿಂಬದಿ ನೋಡಿ. ಗ್ರಂಥಾಲಯಗಳು ಕೆಲವು ಸಲ ಪ್ರಿಂಟಿನ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಹಾಕಿರುತ್ತವೆ. ಹಾಕಿಲ್ಲದಿದ್ದರೆ ಕೇಳಿ. ಸ್ಟುಡಿಯೋದ ಮುದ್ರೆ, ಪತ್ರಿಕೆಗೆ ಕಳಿಸಿದ ಗುರುತು, ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಅಲ್ಲೇ ಇರುತ್ತವೆ. ಆದರೆ ಮುದ್ರೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಆ ಕಾಲದ ನ್ಯೂಯಾರ್ಕಿನ ರಂಗಭೂಮಿ ಚಿತ್ರಗಳಲ್ಲಿ ‘ಒಟ್ಟೋ ಸರೋನಿ’ ಎಂಬ ಹೆಸರು ಬಹಳ ಕಾಣುತ್ತದೆ. ಒಟ್ಟೋ ತೀರಿಕೊಂಡದ್ದು 1903ರಲ್ಲಿ! ಹೆಸರು ಕಂಪನಿಯದಾಗಿ ಉಳಿದಿತ್ತು, ಅಷ್ಟೇ. ಕ್ಯಾಮೆರಾ ಹಿಂದೆ ನಿಂತವರು ಸಂಬಳದ ಯಾರೋ ಒಬ್ಬರು. ‘ವೈಟ್’ ಸ್ಟುಡಿಯೋ ಎಂಬ ಇನ್ನೊಂದು ಹೆಸರೂ ಹಾಗೇ. ಅವರು ಥಿಯೇಟರಿಗೇ ಹೋಗಿ, ಫ್ಲಾಶ್ ಪುಡಿ ಉರಿಸಿ, ರಂಗದ ಮೇಲಿನ ದೃಶ್ಯಗಳನ್ನು ತೆಗೆಯುವುದರಲ್ಲಿ ಹೆಸರುವಾಸಿ. ನಿಮ್ಮ ಚಿತ್ರದಲ್ಲಿ ಗುಡಿಯ ರಂಗಸಜ್ಜಿಕೆ ಪೂರ್ತಿ ಕಾಣುತ್ತಿದ್ದರೆ ಥಿಯೇಟರಿನಲ್ಲೇ ತೆಗೆದದ್ದಿರಬಹುದು. ಹಿಂದೆ ಬರೀ ಬಟ್ಟೆಯ ಪರದೆ ಇದ್ದರೆ ಸ್ಟುಡಿಯೋ.

ಇದಕ್ಕೆ ಸೇರಿದ ಮಾತು ಒಂದಿದೆ, ಹಕ್ಕಿನದು. ಒಟ್ಟೋನ ಅಪ್ಪ ನೆಪೋಲಿಯನ್ ಸರೋನಿ ತೆಗೆದ ಆಸ್ಕರ್ ವೈಲ್ಡ್ ಅವರ ಫೋಟೋವನ್ನು ಬೇರೊಂದು ಮುದ್ರಣ ಕಂಪನಿ ಕದ್ದು ಅಚ್ಚು ಹಾಕಿತ್ತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಫೋಟೋಗೂ ಕೃತಿಸ್ವಾಮ್ಯ ಉಂಟು, ಬೆಳಕು, ಭಂಗಿ, ಉಡುಪು ಜೋಡಿಸಿದ ಛಾಯಾಗ್ರಾಹಕನೇ ಕರ್ತೃ ಎಂದು 1884ರಲ್ಲಿ ತೀರ್ಪಾಯಿತು. ಅಂದರೆ ಫೋಟೋದ ಹಕ್ಕು ಫೋಟೋದಲ್ಲಿ ಕೂತವರದ್ದಲ್ಲ.

ನಿಮ್ಮ ಚಿತ್ರಕ್ಕೆ ಇದು ಹೇಗೆ ಅನ್ವಯ? ಭಾರತದ ಕಾಯಿದೆಯಲ್ಲಿ 2012ರವರೆಗೆ ಫೋಟೋ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇತ್ತು, 2012ರ ತಿದ್ದುಪಡಿಯ ಮೇಲೆ ಛಾಯಾಗ್ರಾಹಕ ತೀರಿಕೊಂಡ ಮರುವರ್ಷದಿಂದ 60 ವರ್ಷ. ಅಮೆರಿಕದಲ್ಲಿ ಅಂದು ಪ್ರಕಟವಾದವಕ್ಕೆ ಹೆಚ್ಚೆಂದರೆ 95 ವರ್ಷ. 1906ರ ಆಸುಪಾಸಿನಲ್ಲೇ ಪ್ರಕಟವಾದ ಚಿತ್ರವಾದರೆ ಎರಡೂ ಕಡೆ ಅವಧಿ ಮುಗಿದಿದೆ. ತೊಡಕು ಬರುವುದು ತಡವಾದ ಮತ್ತು ಎಲ್ಲೂ ಪ್ರಕಟವಾಗದ ಚಿತ್ರಗಳಲ್ಲಿ. ಉದಾಹರಣೆಗೆ ನಿಕೊಲಸ್ ಮುರೇ ಎಂಬ ಛಾಯಾಗ್ರಾಹಕರು 1920ರ ದಶಕದಲ್ಲಿ ಡೆನಿಶಾನ್ ತಂಡವನ್ನು ಬಹಳ ಚೆನ್ನಾಗಿ ತೆಗೆದಿದ್ದಾರೆ. ಅವರು ತೀರಿಕೊಂಡದ್ದು 1965ರಲ್ಲಿ. ಎಲ್ಲೂ ಅಚ್ಚಾಗದೆ ಉಳಿದಿದ್ದ ಅವರ ಚಿತ್ರಕ್ಕೆ ಅಮೆರಿಕದಲ್ಲಿ ಇನ್ನೂ ಹಕ್ಕು ಇರಬಹುದು. ಹಾಗಾಗಿ ವರ್ಷ ಗೊತ್ತುಮಾಡುವುದು ಬರೀ ಪಾಂಡಿತ್ಯಕ್ಕಲ್ಲ.

ನೀವು ನೋಡಿದ ಸಂಗ್ರಹ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಜೆರೋಮ್ ರಾಬಿನ್ಸ್ ನೃತ್ಯ ವಿಭಾಗದ್ದು ಇರಬೇಕು. ಡೆನಿಶಾನ್ ಸಂಗ್ರಹ ಇರುವುದು ಅಲ್ಲೇ. 2016ರ ಜನವರಿಯಲ್ಲಿ ಆ ಲೈಬ್ರರಿ, ಹಕ್ಕಿನ ಅವಧಿ ಮುಗಿದ 1,80,000ಕ್ಕೂ ಹೆಚ್ಚು ಡಿಜಿಟಲ್ ಪ್ರತಿಗಳನ್ನು ಯಾರು ಬೇಕಾದರೂ ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಲಿ ಎಂದು ಬಿಟ್ಟಿತು. ನಿಮ್ಮ ಚಿತ್ರದ ಪುಟದಲ್ಲಿ ಹಕ್ಕಿನ ಬಗ್ಗೆ ಒಂದು ಸಾಲು ಇರುತ್ತದೆ. ಅಲ್ಲಿ ‘ಅವಧಿ ಮುಗಿದಿದೆ’ ಎಂದಿದ್ದರೆ ಯಾರನ್ನೂ ಕೇಳಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ಅದೇ ಚಿತ್ರವನ್ನು ಹಣಕ್ಕೆ ಮಾರುವ ಏಜೆನ್ಸಿಗಳು ಕಂಡರೆ ಗಾಬರಿಯಾಗಬೇಡಿ. ಸಂಗ್ರಹದ ಹೆಸರು ಹಾಕುವುದು ಮಾತ್ರ ಮರ್ಯಾದೆ. ಆ ಪುಟದಲ್ಲಿರುವ ಗುರುತಿನ ಸಂಖ್ಯೆಯನ್ನೂ ನಿಮ್ಮ ಕಡತದಲ್ಲಿ ಬರೆದಿಡಿ.

ಬಣ್ಣ ಹಾಕಿಸುವುದು ಬೇಡ. ಕಾರಣ ಇದೆ. ಆ ಕಾಲದ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಬಟ್ಟೆ ಕಪ್ಪಾಗಿ ಬರುತ್ತಿತ್ತು, ನೀಲಿ ಬೆಳ್ಳಗೆ ಬರುತ್ತಿತ್ತು. ಹಳೆಯ ಮದುವೆ ಫೋಟೋದಲ್ಲಿ ಅಜ್ಜಿಯ ಧಾರೆ ಸೀರೆ ಕರ್ರಗೆ ಕಾಣುವುದು ಇದಕ್ಕೇ. ಈಗಿನ ಬಣ್ಣ ಹಾಕುವ ಆ್ಯಪುಗಳಿಗೆ ಇದೆಲ್ಲ ಎಲ್ಲಿ ಗೊತ್ತು? ಕಪ್ಪು ಕಂಡರೆ ಕಪ್ಪು ಅಥವಾ ಕಂದು ತುಂಬುತ್ತವೆ. ಮೈಬಣ್ಣದ ಗೊಂದಲ ಬೇರೆ. ಸೇಂಟ್ ಡೆನಿಸ್ ‘ರಾಧಾ’ಕ್ಕೆ ಮೈಗೆ ಕಂದು ಬಣ್ಣ ಬಳಿದುಕೊಳ್ಳುತ್ತಿದ್ದರು. ಆ್ಯಪು ಅವರನ್ನು ಗುಲಾಬಿ ಮಾಡುತ್ತದೆ, ಹಿಂದೆ ಕೂತವರನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಇರುವ ಹಾಗೇ ಹಾಕಿ.

ಹಿಂದೆ ಕೂತವರಿಗೆ ಬಂದೆ. 1906ರ ನ್ಯೂಯಾರ್ಕಿನಲ್ಲಿ ಪೂಜಾರಿಗಳ ವೇಷಕ್ಕೆ ಭಾರತೀಯರನ್ನು ಎಲ್ಲಿಂದ ತರಬೇಕು? ಕೋನಿ ಐಲ್ಯಾಂಡಿನ ಪ್ರದರ್ಶನಕ್ಕೆ ಬಂದಿದ್ದವರು, ಭಾರತದ ಸಾಮಾನು ಮಾರುವ ಅಂಗಡಿಯ ಗುಮಾಸ್ತರು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗರು, ಹೀಗೆ ಕೈಗೆ ಸಿಕ್ಕವರನ್ನೆಲ್ಲ ಸೇರಿಸಿಕೊಂಡರು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಸುಮ್ನೆ ಯೋಚಿಸಿ ನೋಡಿ. ಹಗಲು ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ಯಾವುದೋ ಗುಡಿಯ ಯಾವುದೋ ಪೂಜಾರಿಯಾಗಿ, ಫ್ರೆಂಚ್ ಸಂಗೀತಕ್ಕೆ, ಕಂದು ಬಣ್ಣ ಬಳಿದುಕೊಂಡ ಅಮೆರಿಕದ ಹೆಂಗಸಿಗೆ ಆರತಿ ಎತ್ತುವುದು. ಮನೆಗೆ ಬರೆದ ಕಾಗದದಲ್ಲಿ ಇದನ್ನು ಬರೆದರೋ ಮುಚ್ಚಿಟ್ಟರೋ!

ಅವರ ಮುಖ ನೋಡಿ ಊರು ಹೇಳಲು ಹೋಗಬೇಡಿ. ‘ನಮ್ಮ ಕಡೆಯವರ ಹಾಗೆ’ ಎಂದು ನನಗೂ ಅನ್ನಿಸುತ್ತದೆ, ಆದರೆ ಅದು ಪುರಾವೆಯಲ್ಲ. ಮುಂಡಾಸು ಕೂಡ ನಂಬುವ ಹಾಗಿಲ್ಲ, ಅದು ವೇಷದ ಭಾಗ. ಕೊಲಂಬಿಯಾದ ಹುಡುಗ ಬೀದಿಯಲ್ಲಿ ಹ್ಯಾಟು ಹಾಕಿಕೊಂಡೇ ಓಡಾಡುತ್ತಿದ್ದನೋ ಏನೋ.

ಇದಕ್ಕೆ ಹೋಲಿಸಿ ಇನ್ನೊಂದು ತಂಡ ನೋಡಿ. 1911ರಲ್ಲಿ ಸೇಂಟ್ ಡೆನಿಸ್ ಜೊತೆ ಅಮೆರಿಕದಲ್ಲಿ ಪ್ರವಾಸ ಮಾಡಿದ ಸಂಗೀತಗಾರರ ಫೋಟೋಗಳೂ ಉಳಿದಿವೆ. ಅವರ ಹೆಸರು ನಮಗೆ ಗೊತ್ತು. ಬರೋಡಾದ ಇನಾಯತ್ ಖಾನ್, ತಮ್ಮ ಮೆಹಬೂಬ್ ಖಾನ್, ಬಂಧು ಮೊಹಮ್ಮದ್ ಅಲಿ ಖಾನ್. ಇನಾಯತ್ ಖಾನರ ಅಜ್ಜ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಗೌರವ ಪಡೆದಿದ್ದ ಗಾಯಕರು. ಈ ತಂಡಕ್ಕೆ ತನ್ನದೇ ಹೆಸರು ಇತ್ತು. ಇನಾಯತ್ ಖಾನರು ಮುಂದೆ ಸೂಫಿ ಗುರುವಾಗಿ ಪಶ್ಚಿಮದಲ್ಲಿ ದೊಡ್ಡ ಹೆಸರಾದರು, ಶಿಷ್ಯರು ಎಲ್ಲವನ್ನೂ ಜೋಪಾನ ಮಾಡಿದರು. ಗುಮಾಸ್ತನಿಗೆ ಶಿಷ್ಯರು ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ, ನಿಮ್ಮ ಸಂಚಿಕೆಗೆ ಒಗ್ಗಬಹುದು. ಗುಡಿಯಲ್ಲಿ ಕುಣಿಯುವ ಹೆಣ್ಣನ್ನು ಹೀಗೆ ನ್ಯೂಯಾರ್ಕ್, ಬರ್ಲಿನ್, ವಿಯೆನ್ನಾದವರು ಟಿಕೆಟ್ ಕೊಟ್ಟು ನೋಡುತ್ತಿದ್ದ ವರ್ಷಗಳಲ್ಲೇ, 1909ರಲ್ಲಿ, ಮೈಸೂರು ಸಂಸ್ಥಾನ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಒಂದು ಪುಟದಲ್ಲಿ ಈ ಫೋಟೋ ಹಾಕಿದರೆ ಎದುರು ಪುಟದಲ್ಲಿ ಈ ಸಂಗತಿ ಬರಲಿ. ಒಂದು ಬಿಟ್ಟು ಇನ್ನೊಂದು ಹೇಳಿದರೆ ಕಥೆ ವಾಲುತ್ತದೆ.

ಜೋಡಿ ಚಿತ್ರ ಬೇಕೆಂದರೆ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಅವರದ್ದು ಹುಡುಕಿ. 1936ರಲ್ಲಿ ಲಾ ಮೆರಿ ಎಂಬ ಅಮೆರಿಕದ ನರ್ತಕಿ ಅವರನ್ನು ತಮ್ಮ ಪ್ರವಾಸಕ್ಕೆ ಸೇರಿಸಿಕೊಂಡರು. ಅದೇ ಲಾ ಮೆರಿ 1940ರಲ್ಲಿ ಸೇಂಟ್ ಡೆನಿಸ್ ಜೊತೆಗೂಡಿ ನ್ಯೂಯಾರ್ಕಿನಲ್ಲಿ ‘ಸ್ಕೂಲ್ ಆಫ್ ನಾಟ್ಯ’ ತೆರೆದರು. ಕಾರ್ಲ್ ವಾನ್ ವೆಕ್ಟನ್ 1938ರಲ್ಲಿ ತೆಗೆದ ರಾಮ್ ಗೋಪಾಲ್ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಲ್ಲಿ ಹೆಸರು, ವರ್ಷ ಎಲ್ಲ ಬರೆದಿದೆ. ಆಗ ಫಿಲ್ಮೂ ಬೆಳಕೂ ಬದಲಾಗಿದ್ದವು. ಕಾಲು, ಮಂಡಿ, ಬೆರಳು ನೋಡಿ, ವ್ಯತ್ಯಾಸ ನಿಮ್ಮ ಮಕ್ಕಳೇ ಹೇಳುತ್ತಾರೆ.

ಅಡಿಬರಹ ಒಂದನ್ನು ನಾನೇ ಬರೆದು ಕೊಡುತ್ತೇನೆ, ವರ್ಷ ಖಚಿತವಾಗುವವರೆಗೆ ಇದು ಸಾಕು. ತಲೆಗಳನ್ನು ಎಣಿಸಿ ಅಂಕಿ ತುಂಬಿಕೊಳ್ಳಿ.

‘ಅಮೆರಿಕದ ನರ್ತಕಿ ರೂತ್ ಸೇಂಟ್ ಡೆನಿಸ್ ತಮ್ಮ “ರಾಧಾ” ನೃತ್ಯದ ವೇಷದಲ್ಲಿ. ಮೊದಲ ಪ್ರದರ್ಶನ 1906, ನ್ಯೂಯಾರ್ಕ್. ಚಿತ್ರ ತೆಗೆದ ವರ್ಷ ಖಚಿತವಿಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಸಂಗ್ರಹದಿಂದ. ಸುತ್ತ ಕುಳಿತವರು ಪೂಜಾರಿಗಳ ಪಾತ್ರದ ... ಮಂದಿ. ಅವರ ಹೆಸರು ಚಿತ್ರದ ಜೊತೆ ದಾಖಲಾಗಿಲ್ಲ.’